ಗೂಢಚಾರರ ಹಿಂದೆ ಮೂರು ಕುದುರೆ

1943ರ ‘ಕೌಬಾಯ್ ಕಮಾಂಡೋಸ್’ ಒಂದು ಗಂಟೆಯೂ ಇಲ್ಲದ ಚಿತ್ರ. ಭಾನುವಾರ ಬೆಳಿಗ್ಗೆ ಅದನ್ನು ಮಾತು ಕೇಳಿಸದಂತೆ ಮಾಡಿ, ಅಲ್ಲಲ್ಲಿ ನಿಲ್ಲಿಸಿ, ಹಿಂದಕ್ಕೆ ಎಳೆದು ನೋಡಿದೆ. ಬಿ-ವೆಸ್ಟರ್ನ್, ಅಂದರೆ ಕಡಿಮೆ ದುಡ್ಡಿನ ಕೌಬಾಯ್ ಚಿತ್ರ, ನೋಡಬೇಕಾದ್ದು ಹೀಗೇ. ಕಥೆಗೆಂದು ಕೂತರೆ ಹತ್ತು ನಿಮಿಷದಲ್ಲಿ ಮುಂದಿನದ್ದೆಲ್ಲ ಗೊತ್ತಾಗುತ್ತದೆ. ಕೆಲಸ ನೋಡಲು ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಕಥೆ ಇಷ್ಟೇ: ಮೆಗ್ನೀಸಿಯಂ ಅದಿರಿನ ಗಣಿಯೊಂದರ ಮೇಲೆ ನಾಜಿ ಏಜೆಂಟರ ಕಣ್ಣು. ರೇಂಜ್ ಬಸ್ಟರ್ಸ್ ಎಂಬ ಮೂವರು ಅವರನ್ನು ಹಿಡಿಯಬೇಕು. ಮೆಗ್ನೀಸಿಯಂ ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ವಿಮಾನದ ಹಗುರ ಲೋಹಕ್ಕೂ ಬೆಂಕಿ ಹಚ್ಚುವ ಬಾಂಬಿಗೂ ಅದು ಬೇಕಿತ್ತು. ಅದನ್ನು ತೆಗೆದು ಚಿನ್ನವನ್ನಿಡಿ, ಏಜೆಂಟನ ಜಾಗಕ್ಕೆ ಊರಿನ ಬ್ಯಾಂಕರನನ್ನು ತನ್ನಿ, 1936ರ ಯಾವುದೋ ವೆಸ್ಟರ್ನ್ ಸಿದ್ಧ. ಯುದ್ಧ ಬಂದಾಗ ಈ ಚಿತ್ರಗಳಲ್ಲಿ ಬದಲಾದದ್ದು ಖಳನಿಗೆ ಸಂಬಳ ಕೊಡುವವನು ಮಾತ್ರ. ಕುದುರೆ, ಬಂಡೆ, ಬೆನ್ನಟ್ಟುವಿಕೆ ಎಲ್ಲವೂ ಇದ್ದಲ್ಲೇ ಇದ್ದವು.

ಇದಕ್ಕೆ ಕಾರಣ ದುಡ್ಡಿನ ಲೆಕ್ಕ. ಈ ಚಿತ್ರ ತೆಗೆದ ಮೊನೊಗ್ರಾಂನಂಥ ಸಣ್ಣ ಸ್ಟುಡಿಯೊಗಳು ವರ್ಷದ ಸರಣಿಯನ್ನು ಮೊದಲೇ ಮಾರುತ್ತಿದ್ದವು. ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಜೋಡಿ ಪ್ರದರ್ಶನದಲ್ಲಿ ಕಡಿಮೆ ಮುಖ್ಯವಾದ ಚಿತ್ರಕ್ಕೆ ಥಿಯೇಟರಿನವರು ಕೊಡುತ್ತಿದ್ದದ್ದು ಸಾಮಾನ್ಯವಾಗಿ ನಿಗದಿತ ಬಾಡಿಗೆ, ಗಲ್ಲಾದಲ್ಲಿ ಪಾಲಿಲ್ಲ. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಬರುವುದು ಅಷ್ಟೇ ಅಂದಮೇಲೆ ಒಂದು ವಾರದ ಆಸುಪಾಸಿನಲ್ಲಿ ಮುಗಿಸುವುದೇ ಜಾಣತನ. ರೇಂಜ್ ಬಸ್ಟರ್ಸ್ ಸರಣಿಯಲ್ಲಿ 1940ರಿಂದ 1943ರೊಳಗೆ 24 ಚಿತ್ರಗಳು ಬಂದವು. ಯುದ್ಧಕಾಲದಲ್ಲಿ ಒಂದು ಚಿತ್ರದ ಸೆಟ್ಟಿಗೆ ಹೊಸ ಸಾಮಗ್ರಿ 5,000 ಡಾಲರು ಮೀರಬಾರದೆಂದು ಸರ್ಕಾರ ಮಿತಿ ಹಾಕಿದಾಗ ದೊಡ್ಡ ಸ್ಟುಡಿಯೊಗಳು ಒದ್ದಾಡಿದವು. ಮೊದಲೇ ಕಟ್ಟಿದ್ದ ಸೆಟ್ಟಿನ ಬೀದಿಯಲ್ಲೇ ಓಡಾಡುತ್ತಿದ್ದ ಈ ಸಣ್ಣವರಿಗೆ ಅದು ಅಷ್ಟಾಗಿ ತಟ್ಟಿರಲಾರದು.

ಬೆನ್ನಟ್ಟುವ ಷಾಟುಗಳಿಗೆ ಬರೋಣ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ಕ್ಯಾಮೆರಾವನ್ನು 20ರಲ್ಲಿ ಓಡಿಸಿ ತೆಗೆದರೆ ಪರದೆಯ ಮೇಲೆ ಕುದುರೆ ಶೇಕಡ 20ರಷ್ಟು ಜೋರಾಗಿ ಓಡುತ್ತದೆ. 18ಕ್ಕೆ ಇಳಿಸಿದರೆ ಮೂರನೇ ಒಂದು ಪಾಲು ಹೆಚ್ಚು. ಅಲ್ಲಿಗೆ ಗುಟ್ಟು ಬಯಲಾಗತೊಡಗುತ್ತದೆ. ನೋಡಬೇಕಾದ್ದು ಕುದುರೆಯ ಕಾಲನ್ನಲ್ಲ, ಸವಾರನ ಮೊಣಕೈ, ಕುತ್ತಿಗೆಯ ಕರವಸ್ತ್ರ, ಏಳುವ ಧೂಳು. ಧೂಳು ಚಟಪಟನೆ ಎದ್ದು ಮಾಯವಾದರೆ ನಿಧಾನ ಓಡಿಸಿದ ಕ್ಯಾಮೆರಾ ಎಂದು ತಿಳಿಯಿರಿ. ಪಕ್ಕದಲ್ಲೇ ಸಾಗುವ ಷಾಟುಗಳನ್ನು ತೆಗೆಯುವುದು ಓಡುವ ಕ್ಯಾಮೆರಾ ಗಾಡಿಯಿಂದ. ಗಾಡಿ ಕುದುರೆಗಿಂತ ತುಸು ಮುಂದೆ, ಗಾಳಿ ಬೀಸಿದತ್ತ ಧೂಳು ಹೋಗುವಂತೆ ಓಡಬೇಕು. ಇಲ್ಲದಿದ್ದರೆ ಅದರದ್ದೇ ಧೂಳು ಲೆನ್ಸಿಗೂ ಕುದುರೆಗೂ ನಡುವೆ ಪರದೆ ಕಟ್ಟುತ್ತದೆ.

ಕುದುರೆ ಬೀಳುವ ಷಾಟನ್ನು ನಿಲ್ಲಿಸಿ ನೋಡಿ. ಕಲಿತ ಕುದುರೆಯಾದರೆ ಸವಾರ ಲಗಾಮನ್ನು ಒಂದು ಬದಿಗೆ ಎಳೆದಾಗ ಮೊದಲು ತಲೆ ತಿರುಗುತ್ತದೆ, ಆಮೇಲೆ ಭುಜ ಮಗ್ಗುಲಾಗುತ್ತದೆ. ಬೀಳುವ ಜಾಗದ ನೆಲವನ್ನು ಅಗೆದು ಮೆತ್ತಗೆ ಮಾಡಿರುತ್ತಾರೆ. ಎರಡೂ ಮುಂಗಾಲು ಒಟ್ಟಿಗೆ ಹಿಂದಕ್ಕೆ ಸೆಳೆದಂತಾಗಿ ಮೂತಿಯಡಿ ಪಲ್ಟಿ ಹೊಡೆದರೆ ಅದು ಕಾಲಿಗೆ ಕಟ್ಟಿದ ತಂತಿಯ ಕೆಲಸ. ‘ಜೆಸ್ಸಿ ಜೇಮ್ಸ್’ (1939) ಚಿತ್ರೀಕರಣದಲ್ಲಿ ಎತ್ತರದಿಂದ ನೀರಿಗೆ ಬಿದ್ದ ಕುದುರೆ ಸತ್ತು ಗದ್ದಲವೆದ್ದ ಮೇಲೆ, 1940ರಿಂದ ಪ್ರಾಣಿದಯಾ ಸಂಸ್ಥೆ ಅಮೆರಿಕನ್ ಹ್ಯೂಮೇನ್ ಅಸೋಸಿಯೇಷನ್ ಇದರ ಮೇಲೆ ಕಣ್ಣಿಟ್ಟಿತು. ಸ್ಟುಡಿಯೊಗಳು ಹಳೆಯ ಷಾಟುಗಳನ್ನೇ ಮತ್ತೆ ಮತ್ತೆ ಅಂಟಿಸುತ್ತಿದ್ದುದರಿಂದ ತಂತಿಯ ಬೀಳುಗಳು ಆಮೇಲಿನ ಚಿತ್ರಗಳಲ್ಲೂ ಕಾಣಿಸಬಹುದು. ನನಗಂತೂ ಅವನ್ನು ನೋಡಲಾಗುವುದಿಲ್ಲ.

ಸಿಡಿಯುವ ಪಿಸ್ತೂಲುಗಳಲ್ಲಿರುವುದು ಸೀಸದ ಗುಂಡಿಲ್ಲದ, ಕರಿಮದ್ದಿನ ಬ್ಲಾಂಕ್ ತೋಟಾ. ಹೊಗೆ ಬೇಕಲ್ಲ! ‘ಫೈವ್ ಇನ್ ಒನ್’ ಎಂಬ ಒಂದೇ ಬಗೆಯ ಬ್ಲಾಂಕ್ ಮೂರು ಅಳತೆಯ ರಿವಾಲ್ವರುಗಳಿಗೂ ಎರಡು ಅಳತೆಯ ರೈಫಲುಗಳಿಗೂ ಹೊಂದುತ್ತಿತ್ತು. ಲೊಕೇಶನ್ನಿನಲ್ಲಿ ಯಾರ ಬಂದೂಕಿಗೆ ಯಾವುದು ಎಂದು ಹುಡುಕುವ ಗೋಳಿಲ್ಲ. 1870ರ ಕಥೆಗಳಲ್ಲೂ 1892ರ ವಿಂಚೆಸ್ಟರ್ ರೈಫಲ್ ಹಿಡಿಸುತ್ತಿದ್ದವರು ಇವರು. ಗೂಢಚಾರರ ಕಥೆಗಳು ನಡೆಯುವುದು ಯುದ್ಧಕಾಲದಲ್ಲೇ ಆದ್ದರಿಂದ ಇಲ್ಲಿ ಆ ತಪ್ಪು ತಾನಾಗಿಯೇ ಇಲ್ಲವಾಯಿತು! ಬದಲಿಗೆ ಇನ್ನೊಂದು ಪ್ರಶ್ನೆ: ಕಾರು, ರೇಡಿಯೊ ಇರುವ ಕಾಲದಲ್ಲಿ ಕುದುರೆ ಏಕೆ? 1942ರ ಡಿಸೆಂಬರಿನಿಂದ ಇಡೀ ಅಮೆರಿಕದಲ್ಲಿ ಪೆಟ್ರೋಲ್ ರೇಷನ್ ಜಾರಿಯಲ್ಲಿತ್ತು. ಅಂದಿನ ಪ್ರೇಕ್ಷಕನಿಗೆ ಕುದುರೆ ಅಷ್ಟೇನೂ ವಿಚಿತ್ರ ಅನ್ನಿಸಿರಲಿಕ್ಕಿಲ್ಲ.

ರೇಂಜ್ ಬಸ್ಟರ್ಸ್ ಮೂವರಲ್ಲಿ ‘ಕ್ರ್ಯಾಶ್’ ಎಂಬ ಪಾತ್ರ ಮಾಡಿದ ರೇ ಕಾರಿಗನ್ನನದು ತೋಳ್ಬಲ, ಡೆನ್ನಿಸ್ ಮೂರ್‌ನದು ಚೆಲುವು. ಮ್ಯಾಕ್ಸ್ ಟರ್ಹೂನ್ ತನ್ನ ಮಾತಾಡುವ ಬೊಂಬೆ ಎಲ್ಮರ್ ಜೊತೆ ನಗಿಸುವವನು. ಬೊಂಬೆಯ ಹಾಸ್ಯ ಇಂದು ಸಪ್ಪೆ. ಗಾಯಕ ಜಾನಿ ಬಾಂಡ್ ಹಿಟ್ಲರನಿಗೆ ಗುರಿಯಿಟ್ಟು ಹಾಡುವ ಹಾಡು ಮಾತ್ರ ಇನ್ನೂ ಮಜಾ ಕೊಡುತ್ತದೆ.

ಇಂಥ ಚಿತ್ರಗಳ ರಾತ್ರಿ ದೃಶ್ಯಗಳನ್ನು ಹೆಚ್ಚಾಗಿ ಹಗಲಲ್ಲೇ ತೆಗೆಯುತ್ತಿದ್ದರು. ಕೆಂಪು ಫಿಲ್ಟರ್ ಹಾಕಿದರೆ ಕಪ್ಪು-ಬಿಳುಪು ಫಿಲ್ಮಿನಲ್ಲಿ ನೀಲಿ ಆಕಾಶ ಕಪ್ಪಾಗುತ್ತದೆ, ಎಕ್ಸ್‌ಪೋಷರನ್ನೂ, ಅಂದರೆ ಫಿಲ್ಮಿಗೆ ತಾಗುವ ಬೆಳಕನ್ನೂ, ಇಳಿಸುತ್ತಾರೆ. ಬಿಳಿ ಮೋಡ ಬಂದರೆ ಕೆಟ್ಟಿತು, ಅದು ಬೆಳ್ಳಗೇ ಉಳಿಯುತ್ತದೆ. ಕಿಟಕಿಯ ದೀಪವೂ ಉರಿಯುವಂತೆ ಕಾಣುವುದಿಲ್ಲ. ಈಗ ಹರಿದಾಡುವ ಪ್ರತಿಗಳು ಬಹಳಷ್ಟು ಟಿವಿಗಾಗಿ ಮಾಡಿದ 16 ಎಂಎಂ ಪ್ರಿಂಟುಗಳಿಂದ ಬಂದವು. ಅವುಗಳಲ್ಲಿ ಬೂದು ಛಾಯೆಗಳು ಸತ್ತು, ಈ ಸುಳ್ಳು ರಾತ್ರಿಯಲ್ಲಿ ಯಾರು ಯಾರಿಗೆ ಗುಂಡು ಹೊಡೆದರೆಂದೇ ತಿಳಿಯುವುದಿಲ್ಲ. ಪ್ರತಿ ಆರಿಸುವಾಗ ಮೊದಲು ಇಂಥದ್ದೊಂದು ದೃಶ್ಯಕ್ಕೆ ಹಾರಿ ನೋಡಿ. ಕಪ್ಪು ಟೊಪ್ಪಿಯ ಅಂಚು ಹಿಂದಿನ ಬಂಡೆಯಿಂದ ಬೇರೆಯಾಗಿ ಕಂಡರೆ ಆ ಪ್ರತಿ ನೋಡಬಹುದು.