ನಮ್ಮ ಸುಬೇದಾರ್ ಮೇಷ್ಟ್ರು

ಸಕಲೇಶಪುರದ ನಮ್ಮ ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿದ ಸುಬೇದಾರ್ ಮೇಷ್ಟ್ರು ತೀರಿಕೊಂಡರು. ಅವರು ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು. 1971ರ ಡಿಸೆಂಬರಿನ ಪಾಕಿಸ್ತಾನದ ಯುದ್ಧದಲ್ಲಿ ಬಸಂತರ್ ನದಿಯ ಬಳಿ ಮೈನು (ನೆಲದಲ್ಲಿ ಹೂತಿಟ್ಟ ಸಿಡಿಗುಂಡು) ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟ 9ನೇ ಎಂಜಿನಿಯರ್ ರೆಜಿಮೆಂಟಿನಲ್ಲಿದ್ದರು. ಯುದ್ಧದ ಬಗ್ಗೆ ಕೇಳಿದರೆ ಕೈಕೆಲಸವನ್ನಷ್ಟೇ ವಿವರಿಸುತ್ತಿದ್ದರು. ಸಲಾಕೆಯನ್ನು ನೆಟ್ಟಗೆ ಚುಚ್ಚಿದರೆ ಮೈನಿನ ನೆತ್ತಿಗೇ ಒತ್ತು ಬೀಳುತ್ತದೆ. ನೆಲಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ತಳ್ಳಿದರೆ ಅದರ ಪಕ್ಕ ತಗಲುತ್ತದೆ. ಪ್ಲಾಸ್ಟಿಕ್ ಮೈನಾದರೆ ಡಿಟೆಕ್ಟರನ್ನು ನಂಬುವಂತಿಲ್ಲ, ಮಲಗಿಕೊಂಡು ಅಂಗುಲ ಅಂಗುಲ ಕೈಯಲ್ಲೇ ಹುಡುಕಬೇಕು. ಸಿಕ್ಕಿತೆಂದು ಎತ್ತುವ ಹಾಗೂ ಇಲ್ಲ, ಕೆಳಗೆ ಇನ್ನೊಂದು ಸಿಡಿಮದ್ದು ಇಟ್ಟಿರಬಹುದು. ಹಗ್ಗ ಕಟ್ಟಿ ದೂರದಿಂದ ಎಳೆಯಬೇಕು.

ಕೆಡುವುದು ಎಲ್ಲಿ ಎಂದು ಮೊದಲೇ ಹುಡುಕುವ ಈ ಅಭ್ಯಾಸವನ್ನು ಅವರು ಶಾಲೆಗೂ ತಂದರು. ಕವಾಯತಿನ ಹೆಜ್ಜೆ 30 ಅಂಗುಲ, ನಿಮಿಷಕ್ಕೆ 120. ಎಂಟನೇ ತರಗತಿಯ ಗಿಡ್ಡ ಹುಡುಗರಿಗೆ ಅದು ಎಟುಕದೆ ಸಾಲು ಒಡೆಯುತ್ತದೆಂದು ಇಡೀ ತಂಡದ ಹೆಜ್ಜೆಯನ್ನೇ ಮೊಟಕು ಮಾಡಿಸುತ್ತಿದ್ದರು.

ಅವರ ಕೈಚಳಕ ಕಾಣುತ್ತಿದ್ದುದು ಬಾವುಟ ಕಟ್ಟುವುದರಲ್ಲಿ. ಆಗಸ್ಟ್ 15 ಬರುವುದು ಆಶ್ಲೇಷ ಮಳೆಯ ಕೊನೆಗೆ, ನಮ್ಮ ಕಡೆ ಬಿಸಿಲನ್ನು ನೆಚ್ಚುವಂತಿಲ್ಲ. ನೂಲಿನ ಹಗ್ಗ ನೆನೆದು ಉಬ್ಬಿ ರಾಟೆಯ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ನೈಲಾನ್ ಹಗ್ಗ ಹಾಕಿಸಿದರು: ಕಂಬದ ಎತ್ತರದ ಎರಡರಷ್ಟು, ಮೇಲೊಂದು ಮಾರು. ನೈಲಾನಿನ ಗಂಟು ಜಾರುವುದರಿಂದ ಕೊಕ್ಕೆಗೆ ಎಂಟರ ಆಕಾರದಲ್ಲಿ ಮೂರು ಸುತ್ತು. ಹಿಂದಿನ ಸಂಜೆಯೇ ರಾಟೆಗೆ ಗ್ರೀಸ್ ಹಚ್ಚಿ, ಬರಿ ಹಗ್ಗವನ್ನು ಪೂರ್ತಿ ಓಡಿಸಿ ನೋಡುತ್ತಿದ್ದರು. ಖಾದಿ ಒದ್ದೆಯಾದರೆ ಮಡಿಕೆಗಳು ಅಂಟಿಕೊಳ್ಳುತ್ತವೆ. ಹಾಗಾಗಿ ಕೊನೆಯ ಹತ್ತು ನಿಮಿಷದವರೆಗೂ ಬಾವುಟ ಪ್ಲಾಸ್ಟಿಕ್ ಚೀಲದಲ್ಲೇ. ಕೇಸರಿ ತುದಿಯ ಮರದ ತುಂಡು ಹಗ್ಗದ ಮೇಲಿನ ಕುಣಿಕೆಗೆ ಸೇರಿದೆಯೇ ಎಂದು ಬೆರಳಿಟ್ಟು ಮುಟ್ಟಿ ನೋಡಿ, ಆಮೇಲೆ ಮಡಿಚಿ, ಒಳಗೆ ತೇವವಿಲ್ಲದ ಸೇವಂತಿಗೆ ಎಸಳು ಒಂದೇ ಹಿಡಿ. ಹೆಚ್ಚು ತುಂಬಿದರೆ ಕಟ್ಟು ದಪ್ಪವಾಗಿ ಬಿಗಿಯುತ್ತದೆ. ಜಾರುಗಂಟು ಹಾಕುವಾಗ ಹಗ್ಗದ ಮಡಿಕೆಯನ್ನಷ್ಟೇ ತೂರಿಸಬೇಕು. ತುದಿಯನ್ನೇ ಹೊರಗೆಳೆದುಬಿಟ್ಟರೆ ಜಗ್ಗಿದಷ್ಟೂ ಗಟ್ಟಿಯಾಗುತ್ತದೆ. ಎಷ್ಟೋ ಕಡೆ ಬಾವುಟ ಬಿಚ್ಚದಿರುವುದಕ್ಕೆ ಬಹುಪಾಲು ಇದೇ ಕಾರಣ. ಏರಿಸುವಾಗ ಚುರುಕು, ಇಳಿಸುವಾಗ ನಿಧಾನ. ಧ್ವಜ ಸಂಹಿತೆ ಹೇಳುವುದೂ ಅದನ್ನೇ.

ಸ್ಕೂಲಿನಿಂದ ನಿವೃತ್ತರಾದ ಮೇಲೆ ಅವರು ಮಾಡಿದ ಕೆಲಸ ನನ್ನ ಲೆಕ್ಕದಲ್ಲಿ ಇನ್ನೂ ದೊಡ್ಡದು. ಮಾಜಿ ಸೈನಿಕರ ಮನೆಗಳಿಗೆ ಹೋಗಿ ಕಾಗದಪತ್ರ ನೋಡುತ್ತಿದ್ದರು. ಡಿಸ್ಚಾರ್ಜ್ ಪುಸ್ತಕದಲ್ಲಿ ಹೆಂಡತಿಯ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ ಇದ್ದರೆ ಗಂಡ ಹೋದ ಮೇಲೆ ಕುಟುಂಬ ಪಿಂಚಣಿ ನಿಂತುಬಿಡುತ್ತದೆ. ಗಂಡ ಬದುಕಿರುವಾಗ ತಿದ್ದಿಸುವುದು ಸುಲಭ, ಆಮೇಲೆ ಆ ಹೆಣ್ಣುಮಗಳು ಒಬ್ಬಳೇ ಅಲೆಯಬೇಕು. ಪಿಂಚಣಿ ನಿಲ್ಲದಿರಲು ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನೂ ಅವರೇ ನೆನಪಿಸುತ್ತಿದ್ದರು. ನಿಮ್ಮೂರಿನಲ್ಲಿ ಮಾಜಿ ಸೈನಿಕರಿದ್ದರೆ ಡಿಸ್ಚಾರ್ಜ್ ಪುಸ್ತಕ, ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ವ್ಯತ್ಯಾಸ ಕಂಡರೆ ಹಾಸನದ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ, ಅವರವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಈಗಲೇ ಅರ್ಜಿ ಹಾಕಿಸಿ.