ಕ್ರಿಯಾಪದ ಮುರಿಯಲು ಹೋಗಿ ನಗೆಪಾಟಲಾದೆ

ವಾಷಿಂಗ್ ಮೆಷಿನ್ ಡಬ್ಬದಲ್ಲಿ ಏಳೆಂಟು ಭಾಷೆಯ ಪುಸ್ತಕ ಒಂದು ಬರುತ್ತದಲ್ಲ, ಯಾರೂ ಓದದ್ದು? ಅಂಥ ಪುಸ್ತಕಗಳ ಪುಟ ಜೋಡಿಸುವುದು ನನ್ನ ಕೆಲಸ. ಕಾಲಂ ಕಿರಿದು, ಸ್ಪ್ಯಾನಿಷ್ ಪದ ಉದ್ದ. ಸಾಲಿನ ಕೊನೆಗೆ ಅಡ್ಡಗೆರೆ ಹಾಕಿ ಪದ ಮುರಿಯಲೇಬೇಕು. ಸಾಫ್ಟ್‌ವೇರ್ ತಾನೇ ಮುರಿಯುತ್ತದೆ, ಆದರೆ ಇದು ಯಾವ ಭಾಷೆ ಅಂತ ಅದಕ್ಕೆ ಹೇಳಿರಬೇಕು. ಆ ಸಲ ಯಾರೋ ಹೇಳಿರಲಿಲ್ಲ. ಸರಿ, ನಾನೇ. ಸಂಜೆ ಫೈಲ್ ಕಳಿಸಬೇಕಿತ್ತು, ಕೈಯಲ್ಲೇ ಮುರಿಯಲು ಕೂತೆ.

ಸಿಕ್ಕಿದ ಪದ 'ಎಸ್ಕ್ರೀಬಾನೋಸ್'. ಅಂದರೆ 'ನಮಗೆ ಬರೆಯಿರಿ'. ಅಷ್ಟೋ ಇಷ್ಟೋ ಸ್ಪ್ಯಾನಿಷ್ ಕಲಿತಿದ್ದ ಜಂಬ ಬೇರೆ. ಎಸ್ಕ್ರಿಬ್ ಧಾತು, ಆಮೇಲಿನ 'ಆ' ಮರ್ಯಾದೆಯ ಆಜ್ಞೆ, 'ನೋಸ್' ಅಂದರೆ ನಮಗೆ. ಧಾತು ಮುಗಿದಲ್ಲಿ ಕತ್ತರಿಸಿದರೆ ತಪ್ಪೇನು? ಎಸ್ಕ್ರೀಬ್ ಮೇಲಿನ ಸಾಲಿಗೆ, ಆನೋಸ್ ಕೆಳಗಿನ ಸಾಲಿಗೆ.

ಮ್ಯಾಡ್ರಿಡ್‌ನಲ್ಲಿದ್ದ ಪರಿಶೀಲಕಿ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದರು, ಜೊತೆಗೆ ನಗುವ ಮುಖಗಳ ಸಾಲು. 'ಆನೋಸ್' ಅಂದರೆ ಗುದದ್ವಾರಗಳು. ಗ್ರಾಹಕ ಸೇವೆಯ ಪೆಟ್ಟಿಗೆಯಲ್ಲಿ!

ಸ್ಪ್ಯಾನಿಷ್‌ನಲ್ಲಿ ಪದವನ್ನು ಮುರಿಯುವುದು ಕಿವಿ, ವ್ಯಾಕರಣ ಅಲ್ಲ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನ ಇದ್ದರೆ ಅದು ಮುಂದಿನ ಸ್ವರದ ಜೊತೆ ಹೋಗುತ್ತದೆ. ಹಾಗಾಗಿ ಎಸ್-ಕ್ರೀ-ಬಾ-ನೋಸ್. ಧಾತುವಿನ ಬ್ ಧಾತುವನ್ನೇ ಬಿಟ್ಟು ಹೊರಟಿತು. ನಮ್ಮಲ್ಲೂ ಹೀಗೇ ಅಲ್ವಾ? ಮಾಡು, ಇರಿ ಸೇರಿ 'ಮಾಡಿರಿ' ಆಗುತ್ತದೆ. ಅದನ್ನು ಮಾಡ್-ಇರಿ ಅಂತ ಯಾರೂ ಮುರಿಯುವುದಿಲ್ಲ, ಮಾ-ಡಿರಿ ಅಂತಲೇ.

ನನ್ನ ಕನ್ನಡದ ಕಣ್ಣು ಇನ್ನೊಂದು ಕಡೆಯೂ ಎಡವಿತು. ನಮಗೆ 'ಸ್ಕ್ರಿ' ಒಂದೇ ಅಕ್ಷರ, ಹಾಗಾಗಿ ಎ-ಸ್ಕ್ರೀ ಅನ್ನಿಸುತ್ತದೆ. ಸ್ಪ್ಯಾನಿಷ್‌ನಲ್ಲಿ ಕ್ರ್, ಬ್ಲ್, ಪ್ರ್ ಥರದ ಜೋಡಿಗಳು ಒಟ್ಟಿಗೇ ಇರುತ್ತವೆ (ಕೊಂ-ಪ್ರಾ-ಮೋಸ್, 'ಕೊಳ್ಳುತ್ತೇವೆ'). ಆದರೆ ಸ್ ಹಿಂದೆ ಉಳಿಯುತ್ತದೆ. ಅದಕ್ಕೇ ಅವರ ಬಾಯಲ್ಲಿ ಶಾಲೆ 'ಎಸ್-ಕ್ವೇಲಾ'. ನಮ್ಮಜ್ಜಿ 'ಇಸ್ಕೂಲು' ಅನ್ನುತ್ತಿದ್ದದ್ದು ನೆನಪಾದ ಮೇಲೆ ಈ ನಿಯಮ ಮರೆತಿಲ್ಲ.

ಕಿವಿ ಒಂದನ್ನೇ ನಂಬಿದರೂ ಕೆಟ್ಟಿತು, ಅದು ಬೇರೆ ಮಾತು. 'ಲೇಎರ್' (ಓದುವುದು) ಉಚ್ಚಾರದಲ್ಲಿ ಎರಡು ಉಸಿರು, ಲೇ ಮತ್ತು ಎರ್. ಆದರೂ ಅಚ್ಚಿನಲ್ಲಿ ಸಾಲಿನ ಕೊನೆಗೆ ಅದನ್ನು ಒಡೆಯುವಂತಿಲ್ಲ. ಎರಡು ಸ್ವರ ಅಕ್ಕಪಕ್ಕ ಬಂದರೆ ನಡುವೆ ಅಡ್ಡಗೆರೆ ಬೇಡ ಅನ್ನುತ್ತದೆ ಸ್ಪ್ಯಾನಿಷ್ ಅಕಾಡೆಮಿ.

ಒತ್ತು ಎಲ್ಲಿ ಅಂತ ತೋರಿಸಲು ಅಕ್ಷರದ ತಲೆಯ ಮೇಲೆ ಹಾಕುವ ಗೀಟಿನ ಕಥೆಯೂ ಇದೇ ಉಸಿರಿನ ಎಣಿಕೆಯದು. 'ಎಸ್ಕ್ರೀಬಾ'ಗೆ ಗೀಟು ಇಲ್ಲ, ಒತ್ತು ಕೊನೆಯಿಂದ ಎರಡನೇ ಉಸಿರಿನ ಮೇಲಿದೆ. ನೋಸ್ ಅಂಟಿದರೆ ಒತ್ತಿನ ಉಸಿರು ಕೊನೆಯಿಂದ ಮೂರನೆಯದಾಗುತ್ತದೆ, ಗೀಟು ಹಾಕಲೇಬೇಕು. ನಿಯಮಗಳೂ ಬದಲಾಗುತ್ತಿರುತ್ತವೆ. 'ನಕ್ಕ' ಅನ್ನುವ 'ರಿಯೋ' ಪದದ ಗೀಟನ್ನು 2010ರ ಕಾಗುಣಿತದಲ್ಲಿ ತೆಗೆದುಹಾಕಿದರು. ಹಳೇ ಫೈಲ್‌ನಿಂದ ಸುಮ್ನೆ ನಕಲು ಮಾಡಿದರೆ ಸಿಕ್ಕಿಬೀಳುತ್ತೀರಿ.

ಈಗ ಫೈಲ್ ತೆರೆದ ಕೂಡಲೇ ಮೊದಲು ಭಾಷೆ ಆರಿಸುತ್ತೇನೆ. ಆಮೇಲೆ ಪುಟದ ಎಡ ಅಂಚನ್ನು ಮಾತ್ರ ಮೇಲಿಂದ ಕೆಳಗೆ ಓದುತ್ತೇನೆ, ಮುರಿದ ಪದದ ಬಾಲ ಬೇರೇನಾದರೂ ಹೇಳುತ್ತಿದೆಯಾ ಅಂತ. ಎಸ್ಕ್ರೀಬಾನೋಸ್ ಬಂದರೆ ಅದನ್ನು ಮುರಿಯುವುದೇ ಇಲ್ಲ, ಇಡೀ ಪದ ಕೆಳಗಿನ ಸಾಲಿಗೆ ತಳ್ಳುತ್ತೇನೆ.