ಮುನಿಸಿಕೊಂಡು ಕೂತ ಇಬ್ಬರು ವೀರರು

ಯಾರಾದರೂ ಕರ್ಣನನ್ನು ಬೈದರೆ ನನಗೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಗ್ರೀಕ್ ಮಹಾಕಾವ್ಯ ಇಲಿಯಡ್‌ನ ವೀರ ಅಕಿಲೀಸನನ್ನು ಮಾತ್ರ ನಾನೇ ಧಾರಾಳವಾಗಿ ಬೈಯುತ್ತಿದ್ದೆ. ಯುದ್ಧಕ್ಕೆ ಅಂತ ಟ್ರಾಯ್‌ವರೆಗೆ ಬಂದವನು, ತನ್ನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರಿಸೇಯಿಸಳನ್ನು ಗ್ರೀಕ್ ಸೇನೆಯ ನಾಯಕ ಅಗಮೆಮ್ನಾನ್ ಕಿತ್ತುಕೊಂಡ ಅಂತ ಡೇರೆ ಸೇರಿಬಿಡುತ್ತಾನೆ. ಸಾಲದ್ದಕ್ಕೆ, ನನ್ನವರೇ ಸೋಲಲಿ, ಆಗ ನನ್ನ ಬೆಲೆ ಗೊತ್ತಾಗುತ್ತೆ ಅಂತ ದೇವತೆಯಾದ ತಾಯಿಯನ್ನು ದೇವರಾಜ ಜ್ಯೂಸ್ ಹತ್ತಿರ ಕಳಿಸುತ್ತಾನೆ. ಇವನೆಂಥ ವೀರ?

ಆಮೇಲೆ ಯಾವತ್ತೋ ಹೊಳೆಯಿತು: ಅರೆ, ಕರ್ಣ ಮಾಡಿದ್ದೂ ಇದೇ ಅಲ್ವಾ! ಭೀಷ್ಮ ಅವನನ್ನು ಅರ್ಧರಥಿ, ಅಂದರೆ ಅರ್ಧ ವೀರ, ಅಂದ. ಅಷ್ಟಕ್ಕೇ ಇವನು, ಈ ಮುದುಕ ಬೀಳುವವರೆಗೂ ಆಯುಧ ಹಿಡಿಯಲ್ಲ ಅಂದುಬಿಟ್ಟ. 18 ದಿನದ ಯುದ್ಧದಲ್ಲಿ 10 ದಿನ ಸುಮ್ನೆ ಕೂತ. ದುರ್ಯೋಧನನ ಋಣ, ಋಣ ಅನ್ನುವವನಿಗೆ ಆ ಹೊತ್ತಿನಲ್ಲಿ ತನ್ನ ಮಾನವೇ ಜಾಸ್ತಿಯಾಗಿತ್ತು. ಪಂಪನಂಥ ಪಂಪನೇ ಅರ್ಜುನನ ಕಥೆ ಹೇಳಲು ಹೊರಟು ಕರ್ಣನಿಗೆ ಮನಸೋತವನು, ಇನ್ನು ನಾನು ಇದನ್ನು ಇಷ್ಟು ದಿನ ಗಮನಿಸದೇ ಇದ್ದದ್ದು ದೊಡ್ಡ ವಿಷಯವೇನಲ್ಲ ಬಿಡಿ.

ಆದರೆ ಇಬ್ಬರ ತಪ್ಪೂ ಒಂದೇ ಅಂತ ನನಗನ್ನಿಸುವುದಿಲ್ಲ. ತನ್ನ ಸಿಟ್ಟು ಯಾರನ್ನು ಸುಡುತ್ತದೆ ಅಂತ ಅಕಿಲೀಸನಿಗೆ ಗೊತ್ತಿರಲಿಲ್ಲ. ಅವನದೇ ಕವಚ ತೊಟ್ಟು ಹೋದ ಗೆಳೆಯ ಪೆಟ್ರೋಕ್ಲಸ್, ಟ್ರಾಯ್‌ನ ರಾಜಕುಮಾರ ಹೆಕ್ಟರನ ಕೈಯಲ್ಲಿ ಸತ್ತ ಮೇಲೇ ತಿಳಿದದ್ದು. ಕರ್ಣನಿಗೆ ಎಲ್ಲ ಗೊತ್ತಿತ್ತು. ನೀನು ಕುಂತಿಯ ಹಿರಿಮಗ, ರಾಜ್ಯ ನಿನ್ನದೇ ಅಂತ ಕೃಷ್ಣ ಹೇಳಿದಾಗ, ಗೆಲ್ಲುವವರು ಪಾಂಡವರೇ ಅಂತ ಅವನೇ ಹೇಳುತ್ತಾನೆ. ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟುಮಾತುಗಳಿಗೆ ಈಗ ಸಂಕಟವಾಗುತ್ತಿದೆ ಅಂತಲೂ ಹೇಳುತ್ತಾನೆ. ಹೇಳಿ, ಅದೇ ದುರ್ಯೋಧನನ ಹತ್ತಿರ ವಾಪಸ್ ಹೋಗುತ್ತಾನೆ. ತುಂಬಿದ ಸಭೆಯಲ್ಲಿ ದ್ರೌಪದಿಗೆ ಅವನು ಆಡಿದ ಮಾತನ್ನಂತೂ ನನಗೆ ಕ್ಷಮಿಸಲು ಆಗಿಲ್ಲ. ಕುಲ ಯಾವುದು ಅಂತ ಕೇಳಿಸಿಕೊಂಡು ನೊಂದವನು, ನೋವು ಅಂದರೇನು ಅಂತ ಗೊತ್ತಿದ್ದವನು, ಹಾಗೆ ಮಾತಾಡಬಾರದಿತ್ತು.

ಇನ್ನೊಂದು ಸಾಮ್ಯವಿದೆ, ನನಗೆ ಬಹಳ ಇಷ್ಟವಾದದ್ದು. ಇಬ್ಬರಿಗೂ ಒಬ್ಬೊಬ್ಬ ಮುದುಕ ಎದುರಾಗುತ್ತಾನೆ. ಅಕಿಲೀಸನ ಕೈಯಲ್ಲಿ ಸತ್ತ ಮಗ ಹೆಕ್ಟರನ ಹೆಣ ಬೇಡಲು ಟ್ರಾಯ್‌ನ ರಾಜ ಪ್ರಿಯಾಮ್ ರಾತ್ರಿ ಹೊತ್ತು ಅವನ ಡೇರೆಗೆ ಬಂದು, ತನ್ನ ಮಕ್ಕಳನ್ನು ಕೊಂದ ಕೈಗಳಿಗೇ ಮುತ್ತಿಡುತ್ತಾನೆ. ಆ ಹೆಣವನ್ನು ರಥಕ್ಕೆ ಕಟ್ಟಿ ಎಳೆದಾಡಿದ್ದ ಅಕಿಲೀಸ್, ತನ್ನ ಅಪ್ಪನನ್ನು ನೆನೆದು ಅವನ ಜೊತೆ ಅಳುತ್ತಾನೆ, ಹೆಣ ಕೊಟ್ಟು ಕಳಿಸುತ್ತಾನೆ. ಇಲಿಯಡ್ ಹೆಕ್ಟರನ ಅಂತ್ಯಕ್ರಿಯೆಗೇ ಮುಗಿದುಹೋಗುತ್ತದೆ. ಅಕಿಲೀಸ್ ಹಿಮ್ಮಡಿಗೆ ಬಾಣ ಬಿದ್ದು ಸತ್ತ ಕಥೆ ಅದರಲ್ಲಿ ಇಲ್ಲವೇ ಇಲ್ಲ.

ಕರ್ಣ ತಾನಾಗಿಯೇ ಶರಶಯ್ಯೆಯ ಹತ್ತಿರ ಹೋಗುತ್ತಾನೆ. ಅರ್ಧರಥಿ ಅಂದಿದ್ದ ಆ ಭೀಷ್ಮನೇ ಒಂದು ಕೈಯಿಂದ, ಅಪ್ಪ ಮಗನನ್ನು ತಬ್ಬುವ ಹಾಗೆ ತಬ್ಬಿಕೊಂಡು, ನೀನು ಕುಂತಿಯ ಮಗ ಅಂತ ನನಗೆ ಗೊತ್ತು, ತಮ್ಮಂದಿರ ಜೊತೆ ಸೇರಿಕೋ ಅನ್ನುತ್ತಾನೆ. ಕರ್ಣ ಒಪ್ಪುವುದಿಲ್ಲ. ಹಿಂದೆ ಆಡಿದ ಮಾತಿಗೆ ಕ್ಷಮೆ ಕೇಳುತ್ತಾನೆ, ಯುದ್ಧಕ್ಕೆ ಅಪ್ಪಣೆ ಕೇಳುತ್ತಾನೆ. ಕೇಳಿ, ಹೋಗಿ ರಥ ಹತ್ತುತ್ತಾನೆ.